‘ಅವರು ಬರುವುದಿಲ್ಲ ಎನ್ನುತ್ತಾರೆ, ನಾನೊಬ್ಬಳೇ ಹೋಗಲೇ?’

ಪ್ರಶ್ನೆ: ನನಗೆ 38 ವರ್ಷ, ಊರು ದಾವಣಗೆರೆ. ಮದುವೆಯಾಗಿ ಹನ್ನೆರಡು ವರ್ಷಗಳಾದವು. ಯಾವ ಮಾತು ತೆಗೆದರೂ ಜಗಳಕ್ಕೆ ತಿರುಗುತ್ತದೆ. ನಾನು ದನಿ ಏರಿಸಿದ ಕೂಡಲೇ ಪತಿ ಬೈಕಿನ ಕೀಲಿ ತೆಗೆದುಕೊಂಡು ಹೊರಟುಬಿಡುತ್ತಾರೆ. ಆಮೇಲೆ ಮೂರು ನಾಲ್ಕು ದಿನ ಮಾತೇ ಇಲ್ಲ. ‘ಅಪ್ಪನನ್ನು ಊಟಕ್ಕೆ ಕರಿ’ ಎಂದು ಒಂಬತ್ತು ವರ್ಷದ ಮಗನ ಕೈಯಲ್ಲಿ ಹೇಳಿಕಳಿಸುತ್ತೇನೆ. ಕುಡಿತ, ಹೊಡೆತ ಯಾವುದೂ ಇಲ್ಲ. ಹಿರಿಯರು ಎರಡು ಸಲ ಕೂರಿಸಿ ಬುದ್ಧಿ ಹೇಳಿದ್ದಾರೆ. ಆಪ್ತಸಮಾಲೋಚಕರ ಬಳಿ ಹೋಗೋಣವೆಂದರೆ ‘ನನಗೇನು ಹುಚ್ಚೇ?’ ಎನ್ನುತ್ತಾರೆ. ನಾನೊಬ್ಬಳೇ ಹೋದರೆ ಪ್ರಯೋಜನವಿದೆಯೇ? ಅಲ್ಲಿ ಏನು ಮಾಡುತ್ತಾರೆ?

ಉತ್ತರ: ಪ್ರಯೋಜನವಿದೆ, ಹೋಗಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಿಮ್ಮ ಹಿರಿಯರೂ ಹೇಳಿರಬಹುದು. ಉಣ್ಣಲು ಕರೆಯುವುದಕ್ಕೂ ಮಗನನ್ನು ಕಳಿಸಬೇಕಾದ ಮನೆಯಲ್ಲಿ ಆ ಗಾದೆ ನಡೆಯುವುದಿಲ್ಲ.

ಹಿರಿಯರ ಪಂಚಾಯಿತಿಗೂ ಚಿಕಿತ್ಸೆಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಸುತ್ತೇನೆ, ಏಕೆಂದರೆ ಪತಿಯ ಹಿಂಜರಿಕೆಗೆ ಬಹುಶಃ ಅದೇ ಕಾರಣ. ಪಂಚಾಯಿತಿಯಲ್ಲಿ ತಪ್ಪು ಯಾರದೆಂದು ತೀರ್ಮಾನವಾಗುತ್ತದೆ, ಒಬ್ಬರು ತಲೆ ತಗ್ಗಿಸಿಕೊಂಡು ಏಳುತ್ತಾರೆ. ಚಿಕಿತ್ಸೆಯ ಕೊಠಡಿಯಲ್ಲಿ ತೀರ್ಪು ಇರುವುದಿಲ್ಲ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ನೀವೂ ಅಲ್ಲ, ಅವರೂ ಅಲ್ಲ. ನಿಮ್ಮಿಬ್ಬರ ನಡುವೆ ಮತ್ತೆ ಮತ್ತೆ ಒಂದೇ ದಾರಿಯಲ್ಲಿ ಸಾಗುವ ಜಗಳ. 1980ರ ದಶಕದಲ್ಲಿ ಕೆನಡಾದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ, ಭಾವನೆಗಳನ್ನು ಕೇಂದ್ರದಲ್ಲಿಟ್ಟುಕೊಂಡ ದಂಪತಿ ಚಿಕಿತ್ಸೆಯ ಕೆಲಸವೇ ಇದು. ಸಾಮಾನ್ಯವಾಗಿ ಎಂಟರಿಂದ ಇಪ್ಪತ್ತು ಭೇಟಿಗಳಲ್ಲಿ ಅದು ನಡೆಯುತ್ತದೆ. ಒಂದೊಂದು ಭೇಟಿ ಹೆಚ್ಚುಕಡಿಮೆ ಒಂದು ಗಂಟೆಯದು.

ಹತ್ತಿರದಿಂದ ನೋಡಿದರೆ ಅದು ಹೀಗಿರುತ್ತದೆ. ಸಂಜೆ ಪತಿ ಹಾಲಿನ ಪ್ಯಾಕೆಟ್ ತರಲು ಮರೆತರು, ‘ನಿಮಗೆ ಈ ಮನೆಯೇ ಬೇಕಾಗಿಲ್ಲ’ ಎಂದಿರಿ, ಅವರು ಮೊಬೈಲಿನತ್ತ ನೋಡಿದರು, ನೀವು ಮತ್ತೆ ದನಿ ಏರಿಸಿದಿರಿ, ಅವರು ಕೀಲಿ ತೆಗೆದುಕೊಂಡರು ಎಂದಿಟ್ಟುಕೊಳ್ಳಿ. ಎರಡು ನಿಮಿಷದಲ್ಲಿ ಮುಗಿದುಹೋದ ಈ ಪ್ರಸಂಗವನ್ನು ಚಿಕಿತ್ಸಕರು ಮುಕ್ಕಾಲು ಗಂಟೆ ಎಳೆ ಎಳೆಯಾಗಿ ಬಿಡಿಸುತ್ತಾರೆ. ಆ ಮಾತು ಬಾಯಿಗೆ ಬರುವ ಮುಂಚಿನ ಕ್ಷಣದಲ್ಲಿ ನಿಮಗೆ ಏನಾಯಿತೆಂದು ಕೇಳುತ್ತಾರೆ. ಹಾಗೆ ಕೇಳಿದಾಗ ‘ಇಷ್ಟೆಲ್ಲ ನಾನೊಬ್ಬಳೇ ಹೊತ್ತಿದ್ದೇನೆ ಎನಿಸಿತು’ ಎನ್ನುವವರನ್ನೂ, ಎದುರಿಗಿರುವ ಗಂಡ ‘ನಾನು ಏನು ಹೇಳಿದರೂ ತಪ್ಪೇ ಆಗುತ್ತದೆ ಎನಿಸಿತು’ ಎನ್ನುವುದನ್ನೂ ನಾನು ಎಷ್ಟೋ ಸಲ ಕೇಳಿದ್ದೇನೆ. ಹತ್ತಿರ ಬಾ ಎಂದು ಕೂಗುತ್ತಿರುವವಳು ಅವನ ಕಣ್ಣಿಗೆ ದೂರು ಹೇಳುವವಳಾಗಿ ಕಾಣುತ್ತಾಳೆ, ಜಗಳ ಬೆಳೆಯದಿರಲಿ ಎಂದು ಎದ್ದುಹೋಗುವವನು ಅವಳ ಕಣ್ಣಿಗೆ ಕಲ್ಲುಮನಸ್ಸಿನವನಾಗಿ ಕಾಣುತ್ತಾನೆ. ಇದು ಇಬ್ಬರಿಗೂ ಒಟ್ಟಿಗೆ ಕಂಡ ದಿನ ಜಗಳ ನಿಲ್ಲುವುದೇನೂ ಇಲ್ಲ, ಆದರೆ ಅದರ ವೇಗ ತಗ್ಗುತ್ತದೆ.

ಪತಿ ಎದ್ದುಹೋಗುವುದಕ್ಕೆ ಶರೀರದ ಕಾರಣವೂ ಇರಬಹುದು. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಗುರುತಿಸಿದಂತೆ, ಜಗಳದ ನಡುವೆ ನಾಡಿಬಡಿತ ನಿಮಿಷಕ್ಕೆ ನೂರನ್ನು ದಾಟಿತೆಂದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದು ಕಷ್ಟ. ಆಗ ಕನಿಷ್ಠ ಇಪ್ಪತ್ತು ನಿಮಿಷ ಬಿಡುವು ಬೇಕೆಂಬುದು ಅವರ ಸಲಹೆ. ಬಿಡುವಿಗೂ ಮೂರು ದಿನದ ಮೌನಕ್ಕೂ ಇರುವ ಅಂತರ ಒಂದೇ ವಾಕ್ಯದ್ದು: ‘ನನಗೆ ಈಗ ಆಗುತ್ತಿಲ್ಲ, ಎಂಟು ಗಂಟೆಗೆ ಬಂದು ಮಾತಾಡುತ್ತೇನೆ.’ ಶಾಂತವಾಗಿರುವ ದಿನವೊಂದರಲ್ಲಿ ಇದನ್ನು ಪತಿಯ ಮುಂದಿಡಿ. ಎಂಟು ಗಂಟೆಯವರೆಗೆ ಹಿಂದೆ ಬಿದ್ದು ಫೋನ್ ಮಾಡದಿರುವುದು ನಿಮ್ಮ ಪಾಲಿನ ಕರಾರು. ಮಗನ ಕೈಯಲ್ಲಿ ಹೇಳಿಕಳಿಸುವುದನ್ನು ಮಾತ್ರ ಇಂದೇ ನಿಲ್ಲಿಸಿ, ಇದಕ್ಕೆ ಯಾವ ಚಿಕಿತ್ಸಕರ ಅಪ್ಪಣೆಯೂ ಬೇಕಿಲ್ಲ.

ಒಬ್ಬರೇ ಹೋದಾಗ ಪತಿಯನ್ನು ಬದಲಿಸುವ ಉಪಾಯ ಸಿಗುವುದಿಲ್ಲ. ಈ ಸರಪಳಿಯಲ್ಲಿ ನಿಮ್ಮ ಕೊಂಡಿ ಯಾವುದೆಂದು ತಿಳಿಯುತ್ತದೆ. ಮುಂದೆ ಪತಿಯೂ ಬರುವುದಾದರೆ ಏನು ವ್ಯವಸ್ಥೆ ಎಂದು ಮೊದಲ ದಿನವೇ ಕೇಳಿಕೊಳ್ಳಿ. ನಿಮ್ಮೊಬ್ಬರ ಕಥೆಯನ್ನೇ ತಿಂಗಳುಗಟ್ಟಲೆ ಕೇಳಿದ ಚಿಕಿತ್ಸಕರು ಪಕ್ಷ ವಹಿಸುತ್ತಾರೆಂದು ಅವರಿಗೆ ಅನ್ನಿಸುವುದು ಸಹಜ, ಹಾಗಾಗಿ ಹಲವರು ಜೋಡಿ ಭೇಟಿಗೆ ಬೇರೆಯವರ ಬಳಿ ಕಳಿಸುತ್ತಾರೆ. ಬೋರ್ಡಿನ ಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬೇಡಿ. ಯಾರ ಬಳಿ ಹೋಗಬೇಕೆಂದೇ ತಿಳಿಯದಿದ್ದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಪತಿ ಸಿಟ್ಟಿನಲ್ಲಿ ಕೈ ಮಾಡುತ್ತಾರೆ, ಆಮೇಲೆ ಅತ್ತು ಕ್ಷಮೆ ಕೇಳುತ್ತಾರೆ. ಇಬ್ಬರೂ ಒಟ್ಟಿಗೆ ಕೌನ್ಸೆಲಿಂಗ್‌ಗೆ ಹೋದರೆ ಸರಿಹೋಗಬಹುದೇ?

ಉತ್ತರ: ಈಗ ಒಟ್ಟಿಗೆ ಹೋಗಬೇಡಿ. ಅಲ್ಲಿ ನೀವು ಬಾಯಿಬಿಟ್ಟು ಹೇಳಿದ್ದಕ್ಕೆ ಮನೆಯಲ್ಲಿ ಏಟು ಬೀಳುವ ಅಪಾಯವಿದೆ, ಹೇಳದಿದ್ದರೆ ಚಿಕಿತ್ಸೆಯೇ ನಾಟಕವಾಗುತ್ತದೆ. ಮೇಲಿನ ಉತ್ತರದಲ್ಲಿ ಜಗಳ ಇಬ್ಬರದೂ ಎಂದೆ. ಹೊಡೆತ ಇಬ್ಬರದಲ್ಲ, ಅದು ಹೊಡೆದವರದು. ಮೊದಲು ನಿಮ್ಮ ಸುರಕ್ಷತೆ. ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭಕ್ಕೆ 112. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ಬಳಿ ದೂರು ಕೊಡಬಹುದು. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಆ ಕಾಯ್ದೆ ನಿಮಗೆ ಕೊಡುತ್ತದೆ. ಸಿಟ್ಟಿಗೆ ಚಿಕಿತ್ಸೆ ಬೇಕಾದರೆ ಪತಿ ಪ್ರತ್ಯೇಕವಾಗಿ ಪಡೆಯಲಿ.

ಪ್ರಶ್ನೆ: ನಾನು 29ರ ಯುವಕ, ಬೆಂಗಳೂರಿನಲ್ಲಿ ಕೆಲಸ. ಪ್ರೀತಿಸಿದ ಮೂವರೂ ‘ಉಸಿರು ಕಟ್ಟುತ್ತದೆ’ ಎಂದು ಬಿಟ್ಟುಹೋದರು. ಸಂದೇಶ ನೋಡಿದ ನೀಲಿ ಗುರುತು ಬಂದು ಹತ್ತು ನಿಮಿಷದಲ್ಲಿ ಉತ್ತರ ಬರದಿದ್ದರೆ ನನ್ನ ಕೈ ನಡುಗುತ್ತದೆ. ಇದು ಕಾಯಿಲೆಯೇ? ಮುಂದಿನ ತಿಂಗಳು ಮನೆಯವರು ಹೆಣ್ಣು ನೋಡಲು ಕರೆಯುತ್ತಿದ್ದಾರೆ.

ಉತ್ತರ: ಇಷ್ಟರಿಂದಲೇ ಕಾಯಿಲೆ ಎನ್ನಲಾರೆ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಎಳೆಯ ಮಕ್ಕಳು ಮತ್ತು ತಾಯಂದಿರ ನಂಟಿನ ಬಗ್ಗೆ ಕಂಡುಕೊಂಡದ್ದನ್ನು ನಂತರದವರು ದೊಡ್ಡವರ ಪ್ರೀತಿಗೂ ಅನ್ವಯಿಸಿ ನೋಡಿದ್ದಾರೆ: ಆಪ್ತರು ಕೈಬಿಡಬಹುದೆಂಬ ಅಂಜಿಕೆ ಕೆಲವರಲ್ಲಿ ಬೇಗ ಏಳುತ್ತದೆ, ತಡವಾಗಿ ಇಳಿಯುತ್ತದೆ. ನಿಮಗೆ ಬೇಕಾದದ್ದು ವೈಯಕ್ತಿಕ ಚಿಕಿತ್ಸೆ. ಆ ಹತ್ತು ನಿಮಿಷವನ್ನು ಹದಿನೈದು, ಇಪ್ಪತ್ತು ಮಾಡಿಕೊಳ್ಳುತ್ತಾ, ಆ ಹೊತ್ತಿನಲ್ಲಿ ಮನಸ್ಸು ಕಟ್ಟುವ ಕಥೆಯನ್ನು ಬರೆದಿಟ್ಟು ಚಿಕಿತ್ಸಕರ ಮುಂದೆ ಓದುವುದು ಅಲ್ಲಿನ ಕೆಲಸದ ಒಂದು ಭಾಗವಾಗಬಹುದು. ನಡುಕ ನಿದ್ದೆಗೂ ಊಟಕ್ಕೂ ಹಬ್ಬಿದ್ದರೆ ಮನೋವೈದ್ಯರನ್ನು ಕಾಣಿ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಅವರು ಹೇಳಲಿ. ಇನ್ನು ಹೆಣ್ಣು ನೋಡುವ ವಿಷಯ: ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಂಬಿ ಹೊರಡಬೇಡಿ. ಆರು ತಿಂಗಳು ಕಾಲಾವಕಾಶ ಬೇಕೆಂದು ಮನೆಯಲ್ಲಿ ಹೇಳಿ, ಕಾರಣ ವಿವರಿಸಲು ಮನಸ್ಸಿಲ್ಲದಿದ್ದರೆ ವಿವರಿಸಬೇಡಿ.