ಲಿಥಿಯಂ 1.4 ಬಂದಿದ್ದಕ್ಕೆ

ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವ ನಿಮ್ಮ ತಮ್ಮನ ರಕ್ತದಲ್ಲಿ ಅದರ ಮಟ್ಟ 1.4 ಬಂದಿದೆ, ಯಾಕಿಷ್ಟು ಜಾಸ್ತಿ ಅಂತ ಬರೆದಿದ್ದೀರಿ. ಅವನು ಬೆಳಗಿನ ಮಾತ್ರೆ ನುಂಗಿ ಎರಡೇ ಗಂಟೆಗೆ ರಕ್ತ ಕೊಟ್ಟಿದ್ದಾನೆ ಅಂದಿರಲ್ಲ, ಬಹುಶಃ ಅದೇ ಕಾರಣ. ಮಾತ್ರೆ ನುಂಗಿದ ಹೊಸತರಲ್ಲಿ ಮಟ್ಟ ಮೇಲೇ ಇರುತ್ತದೆ. ಮಾತ್ರೆಯಿಂದ ರಕ್ತಕಣದ ಪೊರೆ ತೂತಾಗಿದೆಯಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. ಲಿಥಿಯಂ ಕೆಂಪುಕಣದ ಪೊರೆ ದಾಟಿ ಒಳಗೆ ಹೋಗುತ್ತದೆ ನಿಜ. ಆದರೆ ಪೊರೆಯಲ್ಲೇ ಇರುವ ಒಂದು ಪ್ರೋಟೀನ್ ಸೋಡಿಯಂ ಒಳಗೆ ತಗೊಂಡು ಲಿಥಿಯಂ ಹೊರಗೆ ದಬ್ಬುತ್ತದೆ, ಥೇಟ್ ಅದಲು ಬದಲು ವ್ಯಾಪಾರ. ಅದಕ್ಕೇ ಕಣದೊಳಗೆ ಕಡಿಮೆ, ಹೊರಗಿನ ದ್ರವದಲ್ಲಿ ಜಾಸ್ತಿ. ಲ್ಯಾಬ್ ಅಳೆಯುವುದು ಹೊರಗಿನದ್ದನ್ನು.

ಮೊದಲು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ನಂಬರ್ ಹೇಳಿ. ಡೋಸ್ ನೀವೇ ಬದಲಿಸಬೇಡಿ. ಅವರು ಮತ್ತೆ ಟೆಸ್ಟ್ ಬರೆದರೆ, ರಾತ್ರಿ 9ಕ್ಕೆ ಮಾತ್ರೆ, ಬೆಳಿಗ್ಗೆ 9ಕ್ಕೆ ರಕ್ತ. ಸರಿಯಾಗಿ 12 ಗಂಟೆ. ಬೆಳಗಿನ ಮಾತ್ರೆ ಆಮೇಲೆ. ಹಸಿರು ಮುಚ್ಚಳದ ಟ್ಯೂಬ್ ಬೇಡ ಅನ್ನಿ, ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕುವ ಲಿಥಿಯಂ ಹೆಪಾರಿನ್ ಇರಬಹುದು, ಆ ಲಿಥಿಯಂ ಸೇರಿ ನಂಬರ್ ಸುಳ್ಳೇ ಏರುತ್ತದೆ. ನಮ್ಮಣ್ಣನಿಗೆ ಹೀಗೇ ಆಗಿ ಮನೆಯೆಲ್ಲ ಗಾಬರಿಯಾಗಿತ್ತು.

ರಾಯಚೂರಿನ ಬಿಸಿಲಿಗೂ ರಕ್ತದ ಲಿಥಿಯಂ ಏರಬಹುದು. ನೀರು ಕುಡಿಸಿ, ಉಪ್ಪು ಒಮ್ಮೆಲೇ ಬಿಡಿಸಬೇಡಿ. ಮೈಕೈ ನೋವಿಗೆ ಅಂತ ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ತಂದು ಕೊಡಬೇಡಿ, ಅವೂ ಲಿಥಿಯಂ ಏರಿಸುತ್ತವೆ. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ತೂರಾಡುವುದು ಕಂಡರೆ ಟೆಸ್ಟಿಗೆ ಕಾಯದೆ ಸೀದಾ ಆಸ್ಪತ್ರೆಗೆ ಹೋಗಿ.