ಆ 60 ಸಾವಿರಕ್ಕೆ ರಾಡ್ ಕೊಳ್ಳಬೇಡಿ, ಮೊದಲು ರೀಲಿನ ಬ್ರೇಕು, ಅಂದ್ರೆ ಡ್ರ್ಯಾಗ್, ತೂಗಿ ನೋಡಿ

ಮೂರು ವರ್ಷದಿಂದ ಕಾರಂಜಾ ಹಿನ್ನೀರಲ್ಲಿ ಗಾಳ ಹಾಕ್ತಿದ್ದೀನಿ, ಅಂಡಮಾನ್‌ನಲ್ಲಿ ನಾಲ್ಕು ದಿನದ ಚಾರ್ಟರ್ ದೋಣಿಗೆ ಮುಂಗಡ ಕೊಟ್ಟಾಗಿದೆ, ಇನ್ನು 60 ಸಾವಿರ ಕೈಯಲ್ಲಿದೆ, ಯಾವ ರಾಡು ಯಾವ ರೀಲು ತಗೊಳ್ಳಲಿ, ಮೀನು ತರೋಕೆ ಐಸ್ ಬಾಕ್ಸ್ ಬೇಕಾ ಅಂತ ಬೀದರ್‌ನಿಂದ ಕೇಳಿದ್ದೀರಿ. ಯಾವ ರಾಡೂ ಬೇಡ, ಐಸ್ ಬಾಕ್ಸೂ ಬೇಡ. ನಿಮ್ಮ ಪ್ರಶ್ನೆ ಓದಿದಾಗ 2022ರ ಫೆಬ್ರವರಿಯ ನಾನೇ ಕೂತು ಟೈಪ್ ಮಾಡಿದಂಗಿತ್ತು. ಅದಕ್ಕೇ ಉದ್ದ ಬರೀತಿದ್ದೀನಿ.

ನಾನು ಕಲಬುರಗಿಯವನು. ನೆಹರು ಗಂಜ್‌ನಲ್ಲಿ ನಮ್ಮಪ್ಪನ ಕಾಲದಿಂದ ತೊಗರಿ ಅಡತಿ ಅಂಗಡಿ. ಗಾಳ ಹಚ್ಚಿಸಿದ್ದು ಸೋದರಮಾವ. ಭೀಮಾ ದಂಡೆಯಲ್ಲಿ ಕಪ್ಪೆ ಕಟ್ಟಿ ಕೊರಮೀನು, ಬೆಣ್ಣೆತೊರೆ ಹಿನ್ನೀರಲ್ಲಿ ಹಿಟ್ಟಿನ ಉಂಡಿ ಹಾಕಿ ರೋಹು, ಕಟ್ಲಾ. ಒಂದು ಸಲ ಒಂಬತ್ತು ಕೆಜಿ ಕಟ್ಲಾ ಎತ್ತಿದ್ದೆ. ದೊಡ್ಡ ಮೀನು ಅಂದ್ರೆ ಏನು ಅಂತ ಗೊತ್ತಿದೆ ಅನ್ನೋ ಧೈರ್ಯ ಬಂದಿದ್ದೇ ಆ ಕಟ್ಲಾದಿಂದ. ಸಮುದ್ರದ ಮೀನಿನ ಲೆಕ್ಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕಟ್ಲಾ ಎಳೆದಾಡಿ ಸುಸ್ತಾಗುತ್ತೆ, ನಾವು ದಂಡೆ ಮೇಲೆ ಅದರ ಹಿಂದೆ ನಡೀಬಹುದು. ಅಲ್ಲಿ ಕಾಲಡಿಯಲ್ಲಿ ಕುಲುಕುವ ಹಲಗೆ, ಕೆಳಗೆ ನೂರು ಮೀಟರ್ ನೀರು, ಮೀನಿಗೆ ಓಡೋಕೆ ದಿಕ್ಕು ಒಂದೇ: ಕೆಳಗೆ, ಬಂಡೆಯೊಳಗೆ.

ಹೊರಡುವ ಮುಂಚೆ 58 ಸಾವಿರ ಕೊಟ್ಟು ರೀಲು, ಎರಡು ತುಂಡಿನ ಜಿಗ್ಗಿಂಗ್ ರಾಡು, 300 ಮೀಟರ್ ಹೆಣೆದ ದಾರ, ಒಂದಷ್ಟು ಸೀಸದ ಜಿಗ್, ಅಂದ್ರೆ ಆಳಕ್ಕೆ ಇಳಿಸಿ ಕುಲುಕಿ ಎಳೆಯೋ ನಕಲಿ ಮೀನು, ತರಿಸಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕಿಂಚಿನ ಪಿವಿಸಿ ಪೈಪ್ ಕೊಯ್ಯಿಸಿ, ಎರಡೂ ಕಡೆ ಮುಚ್ಚಳ ಹಾಕಿ ರಾಡಿಗೆ ಡಬ್ಬಿ ಮಾಡಿಕೊಂಡೆ. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಬ್ಯಾಗಿನ ತೂಕ 15 ಕೆಜಿ ದಾಟಿತು. ಒಂದೊಂದು ಜಿಗ್ 200 ಗ್ರಾಂ, ಹದಿನೈದು ಜಿಗ್ ಅಂದ್ರೆ ಮೂರು ಕೆಜಿ ಸೀಸ, ಹೆಚ್ಚುವರಿ ದುಡ್ಡು ಕಟ್ಟಿದೆ. ಪೋರ್ಟ್ ಬ್ಲೇರ್‌ನಲ್ಲಿ, ಈಗ ಶ್ರೀ ವಿಜಯಪುರಂ ಅಂತಾರೆ, ದೋಣಿ ಹತ್ತಿ ನೋಡಿದರೆ ನನ್ನದಕ್ಕಿಂತ ಒಳ್ಳೆಯ ರಾಡುಗಳು ಗೂಟಕ್ಕೆ ಸಾಲಾಗಿ ನಿಂತಿದ್ದವು. ದಿನದ ಬಾಡಿಗೆ ಎರಡು ಸಾವಿರ.

ನಾವು ನಾಲ್ಕು ಜನ: ಹೈದರಾಬಾದ್‌ನವರು ಇಬ್ಬರು, ಬೆಂಗಳೂರಿನವರೊಬ್ಬರು, ನಾನು. ದೋಣಿ ನಡೆಸುವವರು ಅಲ್ಲೇ ಹುಟ್ಟಿ ಬೆಳೆದ ಬಂಗಾಳಿ, ಎಲ್ಲರೂ ದಾದಾ ಅಂತಿದ್ವಿ. ನಮ್ಮ ಕಡೆ ದಖನಿ ಮಾತಾಡಿ ಬೆಳೆದ ಬಾಯಿಗೆ ಅವರ ಹಿಂದಿ ಕಷ್ಟ ಆಗಲಿಲ್ಲ. ರಾತ್ರಿಯೆಲ್ಲ ಓಡಿಸಿ ಬೆಳಗಿನ ಜಾವಕ್ಕೆ ಬ್ಯಾರನ್ ದ್ವೀಪದ ಹತ್ತಿರ ನಿಲ್ಲಿಸಿದರು. ಭಾರತದಲ್ಲಿ ಜೀವಂತ ಇರೋ ಜ್ವಾಲಾಮುಖಿ ಅದೊಂದೇ, ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿಲೋಮೀಟರ್ ಈಶಾನ್ಯಕ್ಕಿದೆ. 1787ರಲ್ಲಿ ಬೆಂಕಿ ಉಗುಳಿದ ದಾಖಲೆ ಇದೆ, ಆಮೇಲೂ ಕೆಲವು ಸಲ ಉಗುಳಿ, ಬಹಳ ಕಾಲ ತಣ್ಣಗಿದ್ದು 1991ರಲ್ಲಿ ಮತ್ತೆ ಎದ್ದಿತು. ಮರ ಇಲ್ಲದ ಕರೀ ಬೂದಿಯ ಇಳಿಜಾರು ನೇರ ನೀರೊಳಗೆ ಇಳಿದುಹೋಗುತ್ತೆ. ದಡದಿಂದ ಸ್ವಲ್ಪ ದೂರ ಬಂದರೆ ಸಾಕು, ತಳ ಸಿಗೋದಿಲ್ಲ. ದೊಡ್ಡ ಮೀನು ಅಲ್ಲಿರೋದು ಅದಕ್ಕೇ: ಆಳದಿಂದ ಮೇಲೆ ಬರೋ ನೀರಿನ ಜೊತೆ ಸಣ್ಣ ಮೀನು, ಸಣ್ಣ ಮೀನಿನ ಹಿಂದೆ ದೊಡ್ಡವು.

ವಾಂತಿ ವಿಷಯ ಇಲ್ಲೇ ಹೇಳಿಬಿಡ್ತೀನಿ. ಮಾರ್ಚ್‌ನಲ್ಲಿ ಸಮುದ್ರ ಶಾಂತವಾಗಿರುತ್ತೆ ಅಂತ ಮಾತ್ರೆ ನುಂಗಿರಲಿಲ್ಲ, ಆ ರಾತ್ರಿ ಮೂರು ಸಲ ಕಟಾಂಜನ ಹಿಡಿದು ನಿಂತೆ. ಡಾಕ್ಟರನ್ನು ಕೇಳಿ ಹಿಂದಿನ ರಾತ್ರಿಯೇ ಮಾತ್ರೆ ತಗೊಳ್ಳಿ, ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲೋದಿಲ್ಲ. ಮರುದಿನ ನನ್ನ ಹೊಟ್ಟೆಯಲ್ಲಿ ನಿಂತದ್ದು ಮನೆಯಿಂದ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾತ್ರ. ತಗೊಂಡು ಹೋಗಿ.

ಈಗ ತಪ್ಪಿನ ವಿಷಯ.

ಡ್ರ್ಯಾಗ್ ಅಂದ್ರೆ ರೀಲಿನ ಬ್ರೇಕು ಅಂತ ನಿಮಗೆ ಗೊತ್ತು. ಮೀನು ಒಂದು ಮಿತಿಗಿಂತ ಜೋರಾಗಿ ಎಳೆದರೆ ದಾರ ಬಿಟ್ಟುಕೊಡುತ್ತೆ, ಹರಿಯೋದಿಲ್ಲ. ಆ ಮಿತಿ ದಾರ ತಾಳೋ ತೂಕದ ಮೂರನೇ ಒಂದು ಭಾಗದ ಒಳಗಿರಬೇಕು ಅನ್ನೋದು ಎಲ್ಲರೂ ಒಪ್ಪೋ ನಿಯಮ. ನನ್ನ ದಾರದ ಡಬ್ಬಿ ಮೇಲೆ 80 ಪೌಂಡ್ ಅಂತಿತ್ತು, ಅಂದ್ರೆ 36 ಕೆಜಿ, ಮೂರರಲ್ಲೊಂದು 12 ಕೆಜಿ. ದಾದಾ ಮೊದಲ ದಿನ ಸ್ಪ್ರಿಂಗ್ ಕಾಟಾ ತಂದು ಎಲ್ಲರ ರೀಲೂ ತೂಗಿ ಕೊಡ್ತೀನಿ ಅಂದರು. ನಾನು ಕೊಡಲಿಲ್ಲ. ಮನೆಯಲ್ಲೇ ಕೈಯಿಂದ ಎಳೆದು ನೋಡಿ ಹತ್ತು ಕೆಜಿ ಅಂದಾಜಿಗೆ ಬಿಗಿದಿದ್ದೀನಿ ಅಂದೆ. ದಿನಾ ತೂಕದ ನಡುವೆ ಇರೋನು, ನೂರು ಗ್ರಾಂ ಹೆಚ್ಚು ಕಡಿಮೆ ಆದ್ರೆ ರೈತ ಕೇಳ್ತಾನೆ, ಹಮಾಲ ಕೇಳ್ತಾನೆ. ಅಂಗಡಿಯಲ್ಲಿ ಕಾಟಾ ಬಿಟ್ಟು ಕೈ ಅಂದಾಜಿಗೆ ಒಂದು ಚೀಲ ಮಾರಿದವನಲ್ಲ ನಾನು. ರೀಲಿನ ವಿಷಯದಲ್ಲಿ ಯಾಕೆ ಹಾಗೆ ಮಾಡಿದೆ ಅಂತ ಇವತ್ತಿಗೂ ನನ್ನನ್ನೇ ಕೇಳಿಕೊಳ್ತೀನಿ.

ಎರಡನೇ ದಿನ ಬೆಳಿಗ್ಗೆ ಏಳರ ಸುಮಾರಿಗೆ ಜಿಗ್ ಎಂಬತ್ತು ಮೀಟರ್ ಇಳಿಸಿ ಎಳೀತಿದ್ದೆ. ರಾಡು ತಟ್ಟನೆ ಬಗ್ಗಿ ತುದಿ ನೀರಿಗೆ ಹೋಯಿತು. ಡಾಗ್‌ಟೂತ್ ಟ್ಯೂನಾ ಅಂತ ದಾದಾ ಕೂಗಿದರು. ನಮ್ಮ ಕರಾವಳಿಯವರು ಕೇದರ ಅನ್ನೋ ಟ್ಯೂನಾಗಳ ಬಳಗದ್ದೇ, ಆದ್ರೆ ಇದು ಬಂಡೆಯ ಅಂಚಲ್ಲಿ ಇರೋದು, ಬಾಯಿ ತುಂಬ ಮೊಳೆಯಂಥ ಹಲ್ಲು. ಗಾಳ ಚುಚ್ಚಿದ ಕ್ಷಣ ಬಂಡೆ ಕಡೆಗೆ ನುಗ್ಗುತ್ತೆ. ಅದು ನುಗ್ಗಿತು. ನೂರು ಮೀಟರ್, ನೂರೈವತ್ತು ಮೀಟರ್, ರೀಲು ಒಂದೇ ಸಮನೆ ಚೀರ್ತಾ ಇತ್ತು. ಮೊಣಕಾಲು ಕಟಾಂಜನಕ್ಕೆ ಒತ್ತಿ ನಿಂತಿದ್ದೆ. ದಾರ ಸುತ್ತಿದ ಉರುಳೆ, ಅಂದ್ರೆ ಸ್ಪೂಲ್, ಸಣ್ಣಗಾಗ್ತಾ ಬಂದು ಕೆಳಗಿನ ಲೋಹ ಕಾಣುತ್ತೇನೋ ಅನ್ನೋ ಭಯಕ್ಕೆ ಕೈ ತಾನಾಗಿ ಡ್ರ್ಯಾಗ್ ತಿರುಪಿನ ಮೇಲೆ ಹೋಯಿತು. “ಡ್ರ್ಯಾಗ್ ಮತ್ ಛೂನಾ!”, ಡ್ರ್ಯಾಗ್ ಮುಟ್ಟಬೇಡ ಅಂತ ದಾದಾ ಹಿಂದಿನಿಂದ ಕೂಗಿದರು. ಅಷ್ಟರಲ್ಲಿ ಅರ್ಧ ಸುತ್ತು ತಿರುಗಿಸಿಯಾಗಿತ್ತು. ರಾಡು ನೆಟ್ಟಗಾಯಿತು.

ಬಂಡೆಗೆ ಉಜ್ಜಿ ಹರಿದಿರಬೇಕು ಅಂದೆ. ದಾದಾ ಏನೂ ಅನ್ನದೆ ದಾರ ಸುತ್ತಿಸಿ, ತುದಿಯನ್ನು ತೋರುಬೆರಳ ಉಗುರಿನ ಮೇಲೆ ಇಟ್ಟು ತೋರಿಸಿದರು. ಬಂಡೆಗೆ ಸಿಕ್ಕಿದ ದಾರ ಮೇಲಕ್ಕೆ ಒಂದೆರಡು ಮೀಟರ್‌ತನಕ ಜುಂಜುಜುಂಜಾಗಿ, ಬಣ್ಣ ಹೋಗಿ ಒರಟಾಗಿರುತ್ತೆ. ನನ್ನದು ಹೊಸ ದಾರದಷ್ಟೇ ನುಣುಪಾಗಿತ್ತು. ಲೀಡರ್‌ಗೆ, ಅಂದ್ರೆ ದಾರಕ್ಕೂ ಜಿಗ್‌ಗೂ ನಡುವಿನ ದಪ್ಪ ದಾರಕ್ಕೆ, ಕಟ್ಟಿದ ಗಂಟಿನ ಮೇಲೇ ತುಂಡಾಗಿತ್ತು. ಎಳೆತ ತಾಳದೆ ಹರಿದದ್ದು ಅದು.

ಯಾಕೆ ಅಂತ ಊರಿಗೆ ಬಂದ ಮೇಲೆ ಲೆಕ್ಕ ಹಾಕಿದೆ. ಅಂಗಡಿಯ ಸ್ಪ್ರಿಂಗ್ ಕಾಟಾವನ್ನು ಮಾಳಿಗೆಯ ಕಿಟಕಿ ಸರಳಿಗೆ ಸಿಕ್ಕಿಸಿ, ದಾರದ ತುದಿ ಅದಕ್ಕೆ ಕಟ್ಟಿ, ತಿರುಪನ್ನು ಅವತ್ತಿನ ಗುರುತಿಗೇ ತಂದು ರಾಡು ಹಿಡಿದು ಹಿಂದಕ್ಕೆ ಬಾಗಿದೆ. ನಮ್ಮ ಅಂಗಡಿಯ ಹಮಾಲ ಕಾಕಾ ಮುಳ್ಳು ನೋಡಿ “ಹದಿನಾರ್ ತೋರ್ಸ್ಲಕತ್ತದ ನೋಡ್ರಿ ಸಾವ್ಕಾರ್ರ” ಅಂದರು. ಹತ್ತು ಅಂದುಕೊಂಡದ್ದು ಹದಿನಾರು. ಇದು ಸ್ಪೂಲ್ ತುಂಬಿದ್ದಾಗಿನ ಮಾತು. ದಾರ ಹೊರಗೆ ಹೋದಂತೆ ಸ್ಪೂಲಿನ ವ್ಯಾಸ ಕಡಿಮೆ ಆಗುತ್ತೆ, ಬ್ರೇಕಿನ ಹಿಡಿತ ಅಷ್ಟೇ ಇರುತ್ತೆ, ಹಾಗಾಗಿ ಅದನ್ನು ತಿರುಗಿಸೋಕೆ ದಾರಕ್ಕೆ ಹೆಚ್ಚು ಎಳೆತ ಬೇಕು. ಗಾಳಿಪಟದ ಚರಕಿ ನೆನೆಸಿಕೊಳ್ಳಿ. ಹಿಡಿಯನ್ನು ಒಂದೇ ಬಿಗಿಯಲ್ಲಿ ಹಿಡಿದಿದ್ದರೂ ಮಾಂಜಾ ತುಂಬಿದ್ದಾಗ ಸುಲಭಕ್ಕೆ ಬಿಚ್ಚುತ್ತೆ, ಕೊನೆಗೆ ಬಂದಾಗ ಜಗ್ಗಿ ಜಗ್ಗಿ ಎಳೀಬೇಕು. ನನ್ನ ಸ್ಪೂಲ್ ತುಂಬಿದಾಗ 72 ಮಿಲಿಮೀಟರ್, 230 ಮೀಟರ್ ಹೋದ ಮೇಲೆ 56. ಹದಿನಾರನ್ನು 72ರಿಂದ ಗುಣಿಸಿ 56ರಿಂದ ಭಾಗಿಸಿ: ಇಪ್ಪತ್ತೂವರೆ ಕೆಜಿ. ಅದರ ಮೇಲೆ ಅಷ್ಟುದ್ದದ ದಾರವನ್ನು ನೀರು ಎಳೆಯೋ ಎಳೆತ, ಮೀನು ತಲೆ ಒದರಿದಾಗಿನ ಜಗ್ಗು, ನಾನು ತಿರುಗಿಸಿದ ಅರ್ಧ ಸುತ್ತು. ಗಂಟು ಕಟ್ಟಿದ ಕಡೆ ದಾರ 36 ಕೆಜಿ ಪೂರ್ತಿ ತಾಳೋದಿಲ್ಲ. ನನ್ನ ಗಂಟಂತೂ ಯೂಟ್ಯೂಬ್ ನೋಡಿ ಹಿಂದಿನ ರಾತ್ರಿ ಕಟ್ಟಿದ್ದು.

ಮೀನು ಓಡುವಾಗ ದಾರ ಮುಗೀತಾ ಬಂತು ಅನ್ನಿಸಿದರೆ ಬಿಗಿ ಮಾಡಬಾರದು, ಸಡಿಲ ಮಾಡಬೇಕು. ಸ್ಪೂಲು ತಾನೇ ಬಿಗಿ ಮಾಡಿಕೊಂಡಿರುತ್ತೆ. ಭಯದಲ್ಲಿರೋ ಕೈಗೆ ಇದು ಪೂರ್ತಿ ಉಲ್ಟಾ. ಅದಕ್ಕೇ ಇಷ್ಟು ವಿವರವಾಗಿ ಹೇಳ್ತಿರೋದು, ನೀವು ಮೊದಲ ದಿನ ಮಾಡೋದೂ ಇದೇ ತಪ್ಪು.

ಹೋದದ್ದು ಬರೀ ನನ್ನ ದುಡ್ಡಲ್ಲ. ಆ ಮೀನು ಬಾಯಲ್ಲಿ 200 ಗ್ರಾಂ ಸೀಸ, ಎರಡು ಗಾಳ, ಮೂರು ಮೀಟರ್ ಲೀಡರ್ ಸಿಕ್ಕಿಸಿಕೊಂಡು ಹೋಯಿತು. ಅದು ಬದುಕಿದೆಯೋ ಇಲ್ಲವೋ ಅನ್ನೋದು ನನ್ನ ತಲೆಯಿಂದ ಹೋಗಿಲ್ಲ. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಸಂಜೆ ನನ್ನ ರಾಡನ್ನು ಪೈಪಿನೊಳಗೆ ಹಾಕಿ ಮುಚ್ಚಳ ಬಿಗಿದು, ದೋಣಿಯದ್ದನ್ನೇ ಬಾಡಿಗೆಗೆ ತಗೊಂಡೆ. ದಾದಾ ಕಾಟಾದಿಂದ ತೂಗಿ, ತಿರುಪಿಗೆ ಬಿಳಿ ಪೇಂಟಿನ ಚುಕ್ಕೆ ಇಟ್ಟು, ಇದನ್ನು ದಾಟಿದರೆ ರಾಡು ವಾಪಸ್ ತಗೋತೀನಿ ಅಂದರು. ಮೂರನೇ ದಿನ ನೊರೆಯೊಡೆಯೋ ಬಂಡೆಗಳ ಪಕ್ಕ ನೀರ ಮೇಲೆ ಪಾಪ್ಪರ್, ಅಂದ್ರೆ ತೇಲೋ ನಕಲಿ ಮೀನು, ಎಳೀತಿದ್ದಾಗ 14 ಕೆಜಿ ಜೈಂಟ್ ಟ್ರೆವಲಿ ಬಂತು, ಎಲ್ಲರೂ ಜಿಟಿ ಅಂತಾರಲ್ಲ ಅದು. ಚುಕ್ಕೆ ಮುಟ್ಟಲಿಲ್ಲ. ಹತ್ತು ನಿಮಿಷದಲ್ಲಿ ದೋಣಿ ಪಕ್ಕ ಇತ್ತು. ಬೆಳ್ಳಿ ತಟ್ಟೆಯಂಥ ಮೈ, ಬಾಲದ ಬುಡದಲ್ಲಿ ಗರಗಸದಂಥ ಹುರುಪೆ, ಹಿಡಿದರೆ ಅಂಗೈ ಕೊಯ್ಯುತ್ತೆ, ಕೈಗವಸು ಬೇಕೇ ಬೇಕು. ಗಾಳ ಬಿಡಿಸಿ ತಲೆ ಮುಂದಾಗಿ ನೀರಿಗೆ ಇಳಿಸಿದೆವು, ಒಂದೇ ಏಟಿಗೆ ಕೆಳಗೆ ಹೋಯಿತು. ನಮ್ಮ ದೋಣಿಯಲ್ಲಿ ಜಿಟಿ ಯಾರೂ ಇಟ್ಟುಕೊಳ್ಳಲಿಲ್ಲ, ಇಟ್ಟುಕೊಳ್ಳಲೂ ಬಾರದು. ರಾತ್ರಿ ಸಾರಿಗೆ ಒಂದು ಅಂಜಲ್ ಸಾಕಾಗಿತ್ತು. ನಿಮ್ಮ ಐಸ್ ಬಾಕ್ಸ್ ಬೇಡ ಅಂದದ್ದು ಅದಕ್ಕೆ. ಮೀನು ತುಂಬಿಕೊಂಡು ಬರೋ ಆಸೆಗೆ ಹೊರಟಿದ್ದರೆ ಕಾರಂಜಾನೇ ಒಳ್ಳೇದು, ಖರ್ಚೂ ಕಡಿಮೆ.

ಇನ್ನು ಆ 60 ಸಾವಿರ. ಅದರಲ್ಲಿ ನಾಲ್ಕು ದಿನದ ಬಾಡಿಗೆ ತೆಗೆದಿಡಿ, ಒಳ್ಳೆಯ ಕೈಗವಸು, ರಾಡಿನ ಬುಡ ಊರೋಕೆ ಸೊಂಟದ ಪಟ್ಟಿ, ನೀರಿನ ಮೇಲಿನ ಬಿಸಿಲ ಹೊಳಪು ತಡೆಯೋ ಕನ್ನಡಕ ತಗೊಳ್ಳಿ. ಹೊರಡುವ ಮುಂಚೆ ಒಂದೇ ಒಂದು ದಿನಕ್ಕಾದರೂ ಮಲ್ಪೆಗೋ ಕಾರವಾರಕ್ಕೋ ಹೋಗಿ ದೋಣಿ ಹತ್ತಿ. ಬೀದರ್‌ನಿಂದ ದೂರವೇ, ಹೌದು, ಆದರೆ ನಿಮ್ಮ ಹೊಟ್ಟೆ ಸಮುದ್ರ ತಡೆಯುತ್ತೋ ಇಲ್ಲವೋ ಅಂತ ಲಕ್ಷಗಟ್ಟಲೆ ಕಟ್ಟಿದ ಮೇಲೆ ತಿಳಿಯೋದಕ್ಕಿಂತ ಅದು ಮೇಲು. ಗಂಟು ಕಲೀರಿ, ದಾರಕ್ಕೆ ಲೀಡರ್ ಜೋಡಿಸೋ ಎಫ್‌ಜಿ ಗಂಟು ಒಂದೇ ಸಾಕು. ನಾನು ಆಮೇಲೆ ನೂರಕ್ಕೂ ಹೆಚ್ಚು ಸಲ ಕಟ್ಟಿ, ಪ್ರತಿಯೊಂದನ್ನೂ ಕಾಟಾಕ್ಕೆ ಸಿಕ್ಕಿಸಿ ಹರಿದು ನೋಡಿದೆ. ಮೊದಲ ಇಪ್ಪತ್ತು ಜಾರಿ ಬಿಚ್ಚಿಕೊಂಡವು.

ದೋಣಿಯವರಿಗೆ ಇವತ್ತೇ ಫೋನ್ ಮಾಡಿ, ಮೀನುಗಾರಿಕೆಗೆ ಪರವಾನಗಿ ಇದೆಯಾ, ಎಲ್ಲರಿಗೂ ಲೈಫ್ ಜಾಕೆಟ್, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ರೇಡಿಯೊ ಇದೆಯಾ, ಒಟ್ಟಿಗೆ ಎಷ್ಟು ಜನ ಗಾಳ ಹಾಕ್ತಾರೆ ಅಂತ ಕೇಳಿ. ಆರು ಜನ ಅಂದ್ರೆ ನಿಮ್ಮ ಸರದಿ ಕಾಯೋದರಲ್ಲೇ ಅರ್ಧ ದಿನ ಹೋಗುತ್ತೆ. ವಂಡೂರ್ ಕಡೆಯ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗೆ ಗಾಳ ಹಾಕಿಸ್ತೀನಿ ಅಂದ್ರೆ ಮುಂಗಡ ವಾಪಸ್ ಕೇಳಿ, ಅಲ್ಲಿ ಮೀನು ಹಿಡಿಯೋದು ಕಾನೂನಿಗೆ ವಿರುದ್ಧ. ಮೂರು ಕೊಕ್ಕೆಯ ಗಾಳ ಬೇಡ, ಹಿಂಮುಳ್ಳು ಇಕ್ಕಳದಿಂದ ಒತ್ತಿದ ಒಂಟಿ ಕೊಕ್ಕೆ ಹಾಕಿಸಿ. ಮೀನಿಗೂ ಒಳ್ಳೇದು, ನಿಮ್ಮ ಕೈಗೂ ಒಳ್ಳೇದು.

ಯಾವ ತಿಂಗಳಿಗೆ ಹೊರಟಿದ್ದೀರಿ ಅಂತ ಬರೆದಿಲ್ಲ. ಮೇ ಕೊನೆಗೆ ಇಟ್ಟಿದ್ದರೆ ಈಗಲೇ ತಾರೀಕು ಬದಲಿಸಿ, ಮಳೆಗಾಲದ ಗಾಳಿ ಅಷ್ಟೊತ್ತಿಗೆ ಅಲ್ಲಿಗೆ ಮುಟ್ಟಿರುತ್ತೆ. ಹೋಗುವ ಮುಂಚೆ ಒಂದು ಭಾನುವಾರ ಕಲಬುರಗಿಗೆ ಬನ್ನಿ, ಗಂಜ್‌ಗೆ ರಜೆ ಇರುತ್ತೆ. ಆ 58 ಸಾವಿರದಲ್ಲಿ ತರಿಸಿದ ರೀಲು ನನ್ನ ಹತ್ತಿರವೇ ಇದೆ, ಕಾಟಾ ಮಾಳಿಗೆಯ ಸರಳಿಗೆ ಈಗಲೂ ತೂಗು ಹಾಕಿದೆ. ಹನ್ನೆರಡು ಕೆಜಿ ಅಂದ್ರೆ ಎಷ್ಟು ಅಂತ ಎರಡು ಕೈಯಲ್ಲಿ ಹಿಡಿದು ನೋಡುವಿರಂತೆ.