ಕೇಳದೆ ಬರುವ ಮಾರಾಟದ ಫೋನಿಗೆ ಕನ್ನಡದಲ್ಲಿ ಏನಂತಾರೆ?

'ಅನಪೇಕ್ಷಿತ ಕರೆ' ಅನ್ನುವುದು ಬರವಣಿಗೆಯ ಮಾತು. ನಮ್ಮ ಧಾರವಾಡದ ಮನೆಗಳಲ್ಲಿ ಅದು ಕಿವಿಗೆ ಬೀಳುವುದಿಲ್ಲ. ಇಲ್ಲಿ ಫೋನ್ 'ಮಾಡು' ಅನ್ನುವಷ್ಟೇ ಸಹಜವಾಗಿ ಫೋನ್ 'ಹಚ್ಚು' ಅನ್ನುತ್ತೇವೆ. "ಅಣ್ಣಗ ಒಂದು ಫೋನ್ ಹಚ್ಚು" ಅಂದರೆ ನಂಬರ್ ಒತ್ತಿ ಮಾತಾಡು ಅಂತ. ದೀಪ ಹಚ್ಚುವುದಕ್ಕೂ ಇದೇ ಪದ ಅಲ್ವಾ, ನನಗೆ ಬಹಳ ಇಷ್ಟ.

ನಿನ್ನೆ ಅವ್ವ ರೊಟ್ಟಿ ಬಡಿಯುವಾಗ ಫೋನ್ ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದಳು. "ಯಾರೋ ಲೋನಿನವರು ಹಚ್ಚ್ಯಾರ" ಅಂದು ಇಟ್ಟಳು. ಹೀಗೆ ಲೋನಿನವರ ಫೋನ್, ಪ್ಲಾಟಿನವರ ಫೋನ್ ಅಂತ ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಒಟ್ಟಾಗಿ ಹೇಳಬೇಕಾದರೆ 'ಮಾರಾಟದ ಫೋನ್' ಸಾಕು.

ಕಾಟ ಜಾಸ್ತಿಯಾದರೆ 1909ಕ್ಕೆ ಫೋನ್ ಹಚ್ಚಿ, ಮಾರಾಟದ ಕರೆ ಬೇಡ ಅಂತ ನೋಂದಾಯಿಸುವ ಡಿಎನ್‌ಡಿ ಹಾಕಿಸಿ. 140ರಿಂದ ಶುರುವಾಗುವ ನಂಬರ್ ಕಂಡರೆ ಎತ್ತಲೇಬೇಕಿಲ್ಲ, ಆ ಸರಣಿ ಇರುವುದೇ ಮಾರಾಟದ ಕರೆಗಳಿಗೆ.